ಸ್ಮರಣ ಸಂಚಿಕೆ: ಇಂಗ್ಲಿಷ್ ಪುಟಗಳ ಡ್ಯಾಶ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇದು ಇಂಗ್ಲಿಷ್ ವಿಭಾಗದ ಕರಡು ತಿದ್ದುತ್ತಿರುವವರಿಗೆ. ಕನ್ನಡ ಪುಟದವರು ಆರಾಮಾಗಿರಿ.

ಬಂದಿರುವ ಲೇಖನಗಳಲ್ಲಿ ಹೈಫನ್, ಡ್ಯಾಶ್ ಎಲ್ಲ ಕಲಸಿಹೋಗಿವೆ. ನಿಮ್ಮ ಪಾಲಿನ ಪುಟಗಳನ್ನು ಶುಕ್ರವಾರ ರಾತ್ರಿಯೊಳಗೆ ಸರಿಮಾಡಿ ಕಳಿಸಿ.

ಪದ ಜೋಡಿಸಲು ಗಿಡ್ಡ ಹೈಫನ್ (-): 'ವೆಲ್-ನೋನ್ ಸಿಂಗರ್'. ಇಸವಿ, ಪುಟಸಂಖ್ಯೆಗಳ ನಡುವೆ ಎನ್ ಡ್ಯಾಶ್ (–), ಸ್ಪೇಸ್ ಇಲ್ಲದೆ: 1998–2004. ಆದರೆ ಹಿಂದೆ 'ಫ್ರಮ್' ಇದ್ದರೆ ಡ್ಯಾಶ್ ಬೇಡ, 'ಫ್ರಮ್ 1998 ಟು 2004' ಅಂತಲೇ ಬರೆಯಿರಿ. ಈ ತಪ್ಪೇ ಜಾಸ್ತಿ ಇರುವುದು.

ವಾಕ್ಯದ ನಡುವೆ ಮಾತು ಸೇರಿಸುವಾಗ ಅಮೆರಿಕದವರು ಹೆಚ್ಚಾಗಿ ಸ್ಪೇಸ್ ಬಿಡದೆ ಉದ್ದದ ಎಮ್ ಡ್ಯಾಶ್ (—) ಹಾಕುತ್ತಾರೆ. ಬ್ರಿಟನ್ನಿನಲ್ಲಿ ಎರಡೂ ಕಡೆ ಸ್ಪೇಸ್ ಬಿಟ್ಟ ಎನ್ ಡ್ಯಾಶ್ ಸಾಮಾನ್ಯ. ಎರಡೂ ಸರಿಯೇ, ಬೆರಸಬಾರದು ಅಷ್ಟೆ. ನಾವು ಬ್ರಿಟಿಷ್ ರೀತಿ ಇಟ್ಟುಕೊಳ್ಳೋಣ: 'ಮೈ ಬ್ರದರ್ – ದಿ ಎಲ್ಡರ್ ಒನ್ – ಲಿವ್ಸ್ ಇನ್ ಹಾಸನ್'. ನಡುವಿನ ಮಾತು ತೆಗೆದರೂ ವಾಕ್ಯ ನಿಲ್ಲಬೇಕು. ಡ್ಯಾಶ್‌ನಿಂದ ಶುರುಮಾಡಿ ಕಾಮಾದಿಂದ ಮುಗಿಸಬೇಡಿ. ಪ್ರತಿ ಸಾಲಿಗೂ ಸುಮ್ನೆ ಡ್ಯಾಶ್ ಎಳೆದರೆ ಓದುವವರಿಗೆ ಉಸಿರು ಕಟ್ಟುತ್ತದೆ, ಅಲ್ವಾ? ಕಾಮಾ ಸಾಕಾಗುವ ಕಡೆ ಕಾಮಾನೇ ಇರಲಿ.

ಎನ್ ಡ್ಯಾಶ್ ಟೈಪ್ ಮಾಡಲು: ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ನಂಬರ್ ಪ್ಯಾಡಿನಲ್ಲಿ 0150. ಫೋನಿನಲ್ಲಾದರೆ ಸಾಮಾನ್ಯವಾಗಿ ಹೈಫನ್ ಕೀಯನ್ನೇ ಒತ್ತಿಹಿಡಿದರೆ ಸಿಗುತ್ತದೆ. ದಯವಿಟ್ಟು 'ರಿಪ್ಲೇಸ್ ಆಲ್' ಒತ್ತಬೇಡಿ. ಫೋನ್ ನಂಬರು, ಜೋಡಿಪದ ಎಲ್ಲ ಕೆಡುತ್ತವೆ.

ಮುಗಿಸಿದವರು ಪುಟಸಂಖ್ಯೆ ಹಾಕಿ 'ಆಯ್ತು' ಅಂತ ಇಲ್ಲೇ ತಿಳಿಸಿ. ಅನುಮಾನ ಬಂದ ವಾಕ್ಯದ ಫೋಟೋ ಹಾಕಿದರೆ ಸೇರಿ ನೋಡೋಣ.