ಗುಹೆ ಮುಂದೆ ಸೀಟಿ ಹೊಡೆಯಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ಧಾರವಾಡ ಕಡೆಯವನು. ಹದಿನೆಂಟು ವರ್ಷದಿಂದ ಗೋವಾದ ವಾಸ್ಕೊದಲ್ಲಿದ್ದೇನೆ. ಕಳೆದ ಮಾರ್ಚ್‌ನಲ್ಲಿ ಮನೆಯವರ ಜೊತೆ ಗಡಿ ದಾಟಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ನಿವತಿಗೆ ಹೋಗಿದ್ದೆ. ಅಲ್ಲಿಂದ ದೋಣಿ ಹತ್ತಿ ವೆಂಗುರ್ಲಾ ಬಂಡೆಗಳೆಂಬ ದ್ವೀಪಗಳನ್ನು ನೋಡಿ ಬಂದೆವು. ದೋಣಿಯಲ್ಲಿ ಮುಕ್ಕಾಲು ಪಾಲು ಜನ ಬೆಳಗಾವಿ, ಹುಬ್ಬಳ್ಳಿಯವರು. ಅದಕ್ಕೇ ಈ ಪತ್ರವನ್ನು ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ.

ದ್ವೀಪ ಅಂದರೆ ತೆಂಗಿನ ಮರ, ಮರಳು ಅಂದುಕೊಳ್ಳಬೇಡಿ. ನಡುಗಡಲಲ್ಲಿ ಎದ್ದು ನಿಂತ ಬೋಳು ಕಲ್ಲುಗಳು, ಅಷ್ಟೇ. ಹಕ್ಕಿ ಹಿಕ್ಕೆ ಬಿದ್ದು ತಲೆಯೆಲ್ಲಾ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಹತ್ತಿರದ ವೆಂಗುರ್ಲಾದಲ್ಲಿ 1637ರಲ್ಲಿ ಡಚ್ಚರು ವಖಾರಿ ಮಾಡಿಕೊಂಡಿದ್ದರು. ಗೋವಾದ ಪೋರ್ಚುಗೀಸರನ್ನು ಕಟ್ಟಿಹಾಕಲು ಬಂದ ಅವರ ಹಡಗುಗಳಿಗೆ ದಿನಸಿ ಇಲ್ಲಿಂದಲೇ ಹೋಗುತ್ತಿತ್ತು. ಆ ವಖಾರಿಯ ಪಾಳು ಗೋಡೆ ಊರಲ್ಲಿ ಇನ್ನೂ ಇದೆ. ಹಡಗುಗಳು ಈ ಬಂಡೆಗಳಿಂದ ದೂರ ಇರಲಿ ಅಂತ ಆಮೇಲೆ ಇಲ್ಲಿ ದೀಪಸ್ತಂಭ ಕಟ್ಟಿದರು. ನಾವು ಹತ್ತಿರ ಹೋಗೋಕೆ ದುಡ್ಡು ಕೊಡುತ್ತೇವೆ!

ಹಳೇ ದೀಪಸ್ತಂಭದ ಬಂಡೆಯಲ್ಲಿ ಒಂದು ಗುಹೆ ಇದೆ. ಅಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಕಂದು ಹಕ್ಕಿಗಳು ಗೂಡು ಕಟ್ಟುತ್ತವೆ. ತಮ್ಮ ಜೊಲ್ಲನ್ನೇ ಎಳೆ ಎಳೆಯಾಗಿ ಕಲ್ಲಿಗೆ ಅಂಟಿಸಿ, ಒಣಗಿಸಿ, ಅರ್ಧ ಬಟ್ಟಲಿನಂಥ ಗೂಡು. ಅದರಲ್ಲಿ ಎರಡು ಮೊಟ್ಟೆ. ಹೊರದೇಶದಲ್ಲಿ ಈ ಗೂಡಿನ ಸೂಪಿಗೆ ಬೇಡಿಕೆ ಇರುವುದರಿಂದ ಕಳ್ಳರ ಕಾಟವೂ ಆಗಿತ್ತು. ಗುಹೆಯ ಕತ್ತಲಲ್ಲಿ ಇವು ಟಿಕ್ ಟಿಕ್ ಸದ್ದು ಮಾಡಿ, ಬಾವಲಿಗಳ ಹಾಗೆ ಅದರ ಮಾರ್ದನಿ ಕೇಳಿಯೇ ದಾರಿ ಹಿಡಿಯುತ್ತವೆ.

ಅಂಥ ಗುಹೆ ಮುಂದೆ ನಮ್ಮ ದೋಣಿ ನಿಂತಿತು. ‘ಹಾರಸ್ರಿ, ವಿಡಿಯೊ ಬರ್ತದ’ ಅಂತ ಒಬ್ಬರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಉಳಿದವರು ಚಪ್ಪಾಳೆ. ಗೂಡು ಕಟ್ಟುವ ಕಾಲದಲ್ಲೇ ಹಕ್ಕಿಗಳು ದಿಕ್ಕಾಪಾಲಾಗಿ ಹೊರಬಂದವು. ದೋಣಿಯವನು ನಕ್ಕ. ನಾನು ಸುಮ್ನೆ ಕೂತಿದ್ದೆ. ಹೊಟ್ಟೆ ತೊಳಸುತ್ತಿತ್ತು ಅನ್ನೋದು ಬರೀ ನೆಪ.

ಫೆಬ್ರವರಿಯಿಂದ ಮಳೆ ಶುರುವಾಗುವ ತನಕ ದೋಣಿಗಳು ಗುಹೆ ಹತ್ತಿರ ನಿಲ್ಲದೆ, ದೂರದಿಂದಲೇ ಸುತ್ತಿ ಬರಲಿ. ಡಾಲ್ಫಿನ್‌ಗಳಂತೂ ದಾರಿಯಲ್ಲೇ ಸಿಗುತ್ತವೆ, ನಮಗೂ ಸಿಕ್ಕವು. ನಿವತಿ ದಂಡೆಯಲ್ಲಿ ಮರಾಠಿ ಜೊತೆ ಕನ್ನಡದಲ್ಲೂ ಒಂದು ಬೋರ್ಡ್ ಹಾಕಿಸಲು ಅಲ್ಲಿನ ಜಿಲ್ಲಾಡಳಿತಕ್ಕೆ ನಾನೂ ಅರ್ಜಿ ಬರೆದಿದ್ದೇನೆ. ಬೇಕಿದ್ದರೆ ಕನ್ನಡದ ಸಾಲು ನಾನೇ ಬರೆದುಕೊಡುತ್ತೇನೆ, ಪುಕ್ಕಟೆ.

– ಒಬ್ಬ ಓದುಗ, ವಾಸ್ಕೊ, ಗೋವಾ