ಫಾರ್ಮಲಿನ್ನಿಗೆ ಸಾಯದ ತತ್ತಿ: ಮಗಳಿಗೊಂದು ಪತ್ರ

ಧಾರವಾಡ

ಚಿ. ಅಕ್ಷತಾಗ ಅವ್ವನ ಆಶೀರ್ವಾದ.

"ಹುಳದ ತತ್ತಿ ಫಾರ್ಮಲಿನ್ನಿನಾಗ ಇರ್ತಾವ, ಸತ್ತಿರ್ತಾವ, ನೀ ಚಿಂತಿ ಮಾಡಬ್ಯಾಡ" ಅಂದು ಫೋನ್ ಇಟ್ಟೆಲ್ಲಾ, ಆ ಒಂದು ಮಾತಿಗೆ ಈ ಪತ್ರ. ನೀ ಹೊಂಟ ದಿನದ ಜಗಳ ಇಲ್ಲಿ ತಗಿಯೂದಿಲ್ಲ, ಅದು ಇಬ್ಬರಿಗೂ ಗೊತ್ತೈತಿ. ಸೋಮವಾರ ಲ್ಯಾಬಿನಾಗ ಹಂದಿ ಕರುಳಿನ ಹುಳ ಕೈಯಾಗ ಹಿಡಿಯೂಕಿಂತ ಮೊದಲು ಇದನ್ನ ಪೂರ್ತಿ ಓದು.

ಆ ತತ್ತಿ ಸತ್ತಿರೂದಿಲ್ಲ. ಆಸ್ಕರಿಸ್ ಅಂದ್ರ ಈ ಕರುಳಿನ ದುಂಡುಹುಳ, ಅದರ ತತ್ತಿ ಬೆಳಸವ್ರು ಫಾರ್ಮಲಿನ್ ಹಾಕೂದ ಬೂಷ್ಟು, ಬ್ಯಾಕ್ಟೀರಿಯಾ ಬರಬಾರದು ಅಂತ. ಒಳಗಿನ ಮರಿ ಅದರಾಗ 28–30 ಡಿಗ್ರಿಗೆ ಮೂರು-ನಾಲ್ಕು ವಾರದಾಗ ಬೆಳದು ಸೋಂಕು ಹಚ್ಚೂ ಹದಕ್ಕ ಬರತೈತಿ. ಚಿಪ್ಪಿನ ಎಲ್ಲಕ್ಕಿಂತ ಒಳಗಿನ ಪದರ ಆಸ್ಕರೋಸೈಡಿಂದು: ಆಸ್ಕರಿಲೋಸ್ ಅನ್ನೂ ಸಕ್ಕರಿಗೆ ಉದ್ದನ ಕೊಬ್ಬಿನ ಸರಪಳಿ ಕೂಡಿದ್ದು. ಆಮ್ಲಜನಕ ಅದನ್ನ ದಾಟಿ ಒಳಗ ಹೋಗತೈತಿ. ಉಪ್ಪು, ಆಮ್ಲ, ಫಾರ್ಮಲಿನ್ ಹೊರಗ ನಿಲ್ತಾವ. ಬ್ಲೀಚಿನಾಗ ಹಾಕಿದ್ರ ಹೊರಗಿನ ಕಂದು ಅಂಟು ಪದರ ಕರಗಿ ತತ್ತಿ ಬೆಳ್ಳಗ ಕಾಣತೈತಿ. ಬೆಳ್ಳಗಾತು ಅಂತ ಸತ್ತತು ಅಂತ ತಿಳೀಬ್ಯಾಡ. ಆದ್ರ ಬಿಸಿಗೆ ಅದು ಸೋಲತೈತಿ. ಚಿಮಟಾ, ಕತ್ತರಿ, ಟ್ರೇ ಕುದಿಯೂ ನೀರಿಗೆ ಹಾಕು, ಉಳಿದ ಕಸಾ ಒತ್ತಡದ ಉಗಿಯಾಗ ಬೇಯಿಸೂ ಆಟೋಕ್ಲೇವಿಗೆ. ಹಂದಿ ಹುಳದ ತತ್ತಿ ಮನಿಷಾನ ಒಳಗೂ ಒಡಿತೈತಿ, ಮರಿ ಪುಪ್ಪುಸದ ತನಕ ಏರತೈತಿ. ಉಗುರು ಕತ್ತರಿಸಿಕೋ. ಬೆಂಚಿನ ಹತ್ರ ಚಹಾ ತರಬ್ಯಾಡ.

ಈಗ ಕೆಲಸದ ಮಾತು. ನೀ ಅಧ್ಯಯನಕ್ಕ ಈ ಹುಳದ ಕೊಬ್ಬಿನ ವಿಷಯ ಆರಿಸಿಕೊಂಡದ್ದು ನನಗ ಭಾಳ ಹೆಮ್ಮಿ, ಆವತ್ತು ಬಾಯಿಬಿಟ್ಟು ಹೇಳಲಿಲ್ಲ ಅಷ್ಟ. ಆದ್ರ "ಹುಳದ ಕೊಬ್ಬು" ಅಂತ ಒಟ್ಟಾಗಿ ಬರೀಬ್ಯಾಡ. ಯಾವ ಹಂತದ ಹುಳ, ಯಾವ ಅಂಗ ಅನ್ನೂದು ಬಾಟ್ಲಿ ಮ್ಯಾಲ ಇರಬೇಕು. ಹಂದಿ ಕರುಳಿನಾಗ ಆಮ್ಲಜನಕ ಕಡಿಮಿ, ಅದಕ್ಕ ದೊಡ್ಡ ಹುಳ ಕೊಬ್ಬು ಸುಟ್ಟು ಬದುಕೂದಿಲ್ಲ, ಗ್ಲೈಕೋಜನ್ ಅನ್ನೂ ಕೂಡಿಟ್ಟ ಸಕ್ಕರಿ ಮ್ಯಾಲ ಬದುಕತೈತಿ. ನಮ್ಮಾಗ ಕೊಬ್ಬು ಒಡಿಯೂ ದಾರಿ ಅದರ ಮೈಟೋಕಾಂಡ್ರಿಯಾದಾಗ ತಿರುಗುಮುರುಗು ನಡದು, 2-ಮೀಥೈಲ್‌ಬ್ಯುಟಿರೇಟ್, 2-ಮೀಥೈಲ್‌ವ್ಯಾಲರೇಟ್ ಅನ್ನೂ ಸಣ್ಣ ಆಮ್ಲ ಆಗಿ ಹೊರಗ ಬೀಳತೈತಿ. ಹೆಣ್ಣು ಹುಳ ದಿನಕ್ಕ ಸುಮಾರು 2 ಲಕ್ಷ ತತ್ತಿ ಇಡತೈತಿ, ಕೂಡಿಟ್ಟ ಕೊಬ್ಬು ಅಂಡಾಶಯದ ಕಡೆ ಸಾಗೂದು ಅದಕ್ಕ. ತತ್ತಿ ಹೊರಗ ಬಿದ್ದು ಗಾಳಿ ಸಿಕ್ಕಿತೋ, ಎಲ್ಲಾ ಬದಲಾಗತೈತಿ. ಮರಿ ಕೊಬ್ಬನ್ನ ಸುಡತೈತಿ, ಅದರಿಂದ ಮತ್ತ ಸಕ್ಕರಿನೂ ಮಾಡಿಕೊಳ್ತೈತಿ. ನಮ್ಮ ಹೊಲದ ಶೇಂಗಾ ಮೊಳಕಿ ಒಡಿಯುವಾಗ ನಡಿಯೂ, ಕೊಬ್ಬಿನಿಂದ ಸಕ್ಕರಿ ಮಾಡೂ ಗ್ಲೈಆಕ್ಸಿಲೇಟ್ ಚಕ್ರನ ಅಲ್ಲೂ ನಡಿತೈತಿ. ಕೊಲೆಸ್ಟರಾಲ್ ಮಾತ್ರ ಯಾವ ದುಂಡುಹುಳಾನೂ ತಾನ ಮಾಡಿಕೊಳ್ಳಲಾರದು, ಹೊರಗಿಂದನ ತಗೋಬೇಕು. ಹಂಗಾಗಿ ಹುಳದ ಕರುಳಿನಾಗ ಹಂದಿ ಕೊಬ್ಬೂ ಇರತೈತಿ. ಬೆಚ್ಚಗಿನ ಉಪ್ಪುನೀರಿನಾಗ ಚೊಲೋ ತೊಳಿ, ಕರುಳು ಬಿಡಿಸಿ ಬ್ಯಾರೆ ಇಡು. ಇಲ್ಲಂದ್ರ ನೀ ಹಂದಿ ಕೊಬ್ಬ ಅಳದಂಗ.

ಕೊಬ್ಬು ತಗಿಯುವಾಗ 1 ಗ್ರಾಂ ಅಂಗಾಂಶಕ್ಕ 20 ಎಂಎಲ್ ದ್ರಾವಕ: ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು. ಸೋಸಿ, ಅದರ ಐದನೇ ಒಂದು ಪಾಲು ಉಪ್ಪುನೀರು ಹಾಕಿದ್ರ ಎರಡು ಪದರ ಆಗತಾವ. ಕೊಬ್ಬು ಇರೂ ಕೆಳಗಿನ ಪದರ ನಿಂದು. ಗಾಜಿನ ಟ್ಯೂಬನ್ನ ಬಳಸು, ಪ್ಲಾಸ್ಟಿಕ್ಕಿನಿಂದ ಕರಗಿ ಬಂದದ್ದು ಹುಳದ್ದಂಗನ ಗ್ರಾಫಿನಾಗ ಕಾಣತೈತಿ. ಕ್ಲೋರೋಫಾರ್ಮ್ ನೈಟ್ರೈಲ್ ಕೈಗವಸನ್ನೂ ಲಗೂನ ದಾಟತೈತಿ, ಹನಿ ಬಿದ್ದ ಕೂಡ್ಲೇ ಬದಲಿಸು. ಕೊಬ್ಬಿಗೆ ಕೆಂಪು ಹಚ್ಚೂ ಆಯಿಲ್ ರೆಡ್ ಓ ಬಣ್ಣ ಪ್ರತಿ ಸಲಾ ಸೋಸು, ಅದರ ಹರಳು ಕೊಬ್ಬಿನ ಹನಿಯಂಗ ಮೋಸ ಮಾಡತಾವ. ಜೀವಂತ ಹುಳಕ್ಕ ನೈಲ್ ರೆಡ್ ಅನ್ನೂ ಬಣ್ಣ ತಿನ್ನಿಸಿ ಕೊಬ್ಬು ಅಳಿಯೂದು ಬ್ಯಾಡ. ಸಿ. ಎಲಿಗನ್ಸ್ ಅನ್ನೂ ಮಣ್ಣಿನ ಸಣ್ಣ ದುಂಡುಹುಳದಾಗ ಅದು ಕೊಬ್ಬಿನ ಹನಿ ಬಿಟ್ಟು, ಕೋಶದ ಕಸಾ ಅರಗಿಸೂ ಲೈಸೋಸೋಮಿನಂಥ ಕಣಕ್ಕ ಹತ್ತತೈತಿ ಅಂತ ತೋರಿಸಿ ಆಗೈತಿ.

ಆಮ್ಯಾಲ ಕುರಿ ಹೊಟ್ಟ್ಯಾಗ ರಕ್ತ ಹೀರೂ ಹುಳ, ಹೀಮಾಂಕಸ್, ಮಾಡ್ತೀನಿ ಅಂದಿದ್ದಿ. ಗದಗ, ಹಾವೇರಿ ಕಡೆ ಕುರಿಗಾರರಿಗೆ ಅದರಿಂದ ನಾಕು ಕಾಸಿನ ಉಪಯೋಗ ಆದೀತು. ಅದರ ಮೂರನೇ ಹಂತದ ಮರಿ ಹಳೇ ಪೊರಿ ಕಳಚೂದಿಲ್ಲ, ಬಾಯಿ ಮುಚ್ಚಿರತೈತಿ, ಏನೂ ತಿನ್ನೂದಿಲ್ಲ. ಕರುಳಿನ ಕೋಶದಾಗ ಕೂಡಿಟ್ಟ ಕೊಬ್ಬ ಅದರ ಬುತ್ತಿ. ಸೂಕ್ಷ್ಮದರ್ಶಕದಾಗ ಹೊಸಾ ಮರಿ ಕರ್ರಗ, ಕಾಳುಕಾಳಾಗಿ ಕಾಣತೈತಿ, ಹಳೇದು ತೆಳ್ಳಗ, ಆರಪಾರ. ಬಿಸಿಲಾಗ ಹರದಾಡಿದಷ್ಟು ಬುತ್ತಿ ಲಗೂ ತೀರತೈತಿ, ತಂಪಿನಾಗ ಭಾಳ ದಿನಾ ಬರತೈತಿ. ವಯಸ್ಸು ಕಲಸಿದ ಮರಿ ಹೋಲಿಸಿ ಲೆಕ್ಕಾ ಮಾಡಬ್ಯಾಡ.

ಮತ್ತ ಅದ ತತ್ತಿ ಮಾತಿಗೆ ಬಂದೆ, ಸಿಟ್ಟಾಗಬ್ಯಾಡ. ಚಿಪ್ಪು ಒಡಿಯಾಕ ಗಾಜಿನ ಮಣಿ ಹಾಕಿ ಅಲುಗಾಡಸ್ತಿ. ಟ್ಯೂಬಿನ ಮುಚ್ಚಳಾ ಗಟ್ಟಿ ಇರಲಿ, ಅಲುಗಾಡಿಸಿದ ಮ್ಯಾಲ ಗಾಳಿ ಹೊರಗೆಳಿಯೂ ಹುಡ್‌ನ್ಯಾಗನ ತಗಿ. ಹೊರಗ ಸಿಡಿಯೂ ಹನಿಯಾಗ ಕೊಬ್ಬು ಹೊರೂ ಪ್ರೋಟೀನ್, ಎಬಿಎ-1, ಇರತೈತಿ, ಅದು ಅಲರ್ಜಿ ತರೂವಂಥಾದ್ದು. ಆಸ್ಕರಿಸ್ ಜೋಡಿ ಕೆಲಸ ಮಾಡೂ ಎಷ್ಟೋ ಮಂದಿಗೆ ದಿನಾ ಹೋದಂಗ ಸೀನು, ಕಣ್ಣು ಕೆರತ, ಉಬ್ಬಸ ಶುರು ಆಗತೈತಿ. ನಿನಗ ಸಣ್ಣಾಕಿದ್ದಾಗಿನ ಉಬ್ಬಸ ಐತಿ, ನಾ ಏನ ಅನ್ನಲಿ. ಕೆಮ್ಮು ಬಂದ್ರ ಹವಾ ಬದಲಾಗಿ ಬಂತು ಅಂತ ಬಿಡಬ್ಯಾಡ, ಡಾಕ್ಟರ್ ಹತ್ರ ಹೋಗು, ಆಸ್ಕರಿಸ್ ಮುಟ್ಟತೀನಿ ಅಂತ ಬಾಯಿಬಿಟ್ಟು ಹೇಳು. ನೀ ಹೇಳದ ಅವರಿಗೆ ಹೊಳಿಯೂದಿಲ್ಲ.

ಫೋನಿನ್ಯಾಗ ದನಿ ಏರಿಸಿದ್ದನ್ನ ಮನಸ್ಸಿಗೆ ಹಚ್ಚಿಕೋಬ್ಯಾಡ. ನಿನ್ನ ಇನ್ಹೇಲರ್ ಇಲ್ಲೇ ಕಪಾಟಿನಾಗ ಉಳದೈತಿ, ನಾಳಿ ಕುರಿಯರ್ ಮಾಡ್ತೀನಿ. ಅದು ಬಂದು ಮುಟ್ಟೂತನಕ ಮಣಿ ಹಾಕೂ ಕೆಲಸ ಮುಂದ ಹಾಕು.

ನಿನ್ನ ಅವ್ವ