ಮೈಕ್ ಹಿಡಿಯೋದೂ ಒಂದು ಕೆಲಸವೇ, ಅಪ್ಪಯ್ಯ

ಲಾಸ್ ಏಂಜಲೀಸ್

ಪ್ರೀತಿಯ ಅಪ್ಪಯ್ಯನಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಬಂದು ತಲುಪಿತು. ಮಕ್ಕಳು ಮೊಸರನ್ನಕ್ಕೆ ಅದನ್ನೇ ಕೇಳುತ್ತಾರೆ.

ಅಪ್ಪಯ್ಯ, ಮೊನ್ನೆ ಫೋನಿನಲ್ಲಿ ತಮ್ಮನ ವಿಷಯ ಎತ್ತಿದಿರಿ. ಡಿಗ್ರಿ ಮುಗಿಸಿದವನು ಕುಂದಾಪುರ, ಬೈಂದೂರು ಅಂತ ಟೂರ್ನಮೆಂಟ್ ಟೂರ್ನಮೆಂಟಿಗೆ ಕ್ರಿಕೆಟ್ ಕಾಮೆಂಟರಿ ಹೇಳಲು ಮೈಕ್ ಹಿಡಿದು ತಿರುಗುತ್ತಾನೆ, ಅದೂ ಒಂದು ಕೆಲಸವಾ ಎಂದು ಕೇಳಿದಿರಿ. ಫೋನಿನಲ್ಲಿ ಸಮಾಧಾನವಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಈ ಊರಿನಲ್ಲಿ ಬೇಸ್‌ಬಾಲ್ ಅಂದರೆ ಡಾಡ್ಜರ್ಸ್ ತಂಡ. ಡಾಡ್ಜರ್ಸ್ ಅಂದರೆ ಎಷ್ಟೋ ಜನರಿಗೆ ಆಟಗಾರರಿಗಿಂತ ಮೊದಲು ನೆನಪಾಗುವುದು ಒಬ್ಬ ಕಾಮೆಂಟೇಟರ್, ವಿನ್ ಸ್ಕಲ್ಲಿ. 1950ರಿಂದ 2016ರವರೆಗೆ, 67 ಸೀಸನ್, ಒಂದೇ ತಂಡಕ್ಕೆ ಕಾಮೆಂಟರಿ ಹೇಳಿದವರು. ಸೇರಿದಾಗ 22 ವರ್ಷ, ಬಿಟ್ಟಾಗ 88. ಅವರು 2022ರಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಮನೆಯ ಅಜ್ಜಿ ಈಗಲೂ ಅವರ ಮಾತು ಬಂದರೆ ಮನೆಯವರೊಬ್ಬರು ಹೋದ ಹಾಗೆ ಮಾತಾಡುತ್ತಾರೆ.

ಇಲ್ಲಿನ ಪದ್ಧತಿ ನಮ್ಮ ಕ್ರಿಕೆಟಿನ ಹಾಗಲ್ಲ. ಪ್ರತಿ ತಂಡಕ್ಕೂ ಅದರದೇ ಕಾಮೆಂಟೇಟರ್‌ಗಳು ಇರುತ್ತಾರೆ. ಒಂದು ಸೀಸನ್ನಿಗೆ 162 ಪಂದ್ಯ. ಆರು ತಿಂಗಳು ಹೆಚ್ಚುಕಡಿಮೆ ದಿನಾ ಆಟ. ತಂಡದ ಜೊತೆ ಅವರೂ ಊರೂರು ಸುತ್ತುತ್ತಾರೆ. ಹೀಗಾಗಿ ಒಂದೇ ದನಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ, ಕಾರಿನಲ್ಲಿ, ಅಂಗಡಿಯಲ್ಲಿ ಕೇಳುತ್ತಿರುತ್ತದೆ. ಜನ ಆ ದನಿಗೆ ಒಗ್ಗಿಹೋಗುತ್ತಾರೆ.

ಸ್ಕಲ್ಲಿಗೆ ಕೆಲಸ ಸಿಕ್ಕಿದ್ದು ಹೇಗೆ ಗೊತ್ತಾ? ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕಾಲೇಜಿನ ರೇಡಿಯೊದಲ್ಲಿ ಪಂದ್ಯಗಳ ವಿವರ ಹೇಳಿ ಅಭ್ಯಾಸವಾಗಿತ್ತು. 1949ರಲ್ಲಿ ರೆಡ್ ಬಾರ್ಬರ್ ಎಂಬ, ಆಗ ಡಾಡ್ಜರ್ಸ್‌ಗೆ ಹೇಳುತ್ತಿದ್ದ ದೊಡ್ಡ ಕಾಮೆಂಟೇಟರ್ ಅವರನ್ನು ಬಾಸ್ಟನ್ನಿಗೆ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಕಳಿಸಿದರು. ಬೆಚ್ಚಗಿನ ಕೋಣೆಯಲ್ಲಿ ಕೂರಿಸುತ್ತಾರೆ ಅಂದುಕೊಂಡು ಹುಡುಗ ಕೋಟನ್ನು ಹೋಟೆಲಿನಲ್ಲೇ ಬಿಟ್ಟು ಹೋದ. ಅಲ್ಲಿ ನೋಡಿದರೆ ಕೋಣೆಯೇ ಇಲ್ಲ. ಕ್ರೀಡಾಂಗಣದ ಮಾಡಿನ ಮೇಲೆ, ನವೆಂಬರ್ ಚಳಿಗಾಳಿಯಲ್ಲಿ, ಮೈಕಿನ ಉದ್ದ ವಯರ್ ಎಳೆದುಕೊಂಡು, ಚೆಂಡು ಹೋದ ಕಡೆಗೆಲ್ಲ ತಾನೂ ನಡೆಯುತ್ತಾ ಇಡೀ ಪಂದ್ಯ ಹೇಳಿ ಮುಗಿಸಿದ. ಚಳಿಯ ಸುದ್ದಿಯನ್ನು ಕೇಳುಗರ ಹತ್ತಿರ ಒಂದು ಮಾತೂ ಎತ್ತಲಿಲ್ಲ. ಜಾಗದ ಸಂಗತಿ ಬಾರ್ಬರ್‌ಗೆ ಗೊತ್ತಾಗಿದ್ದು ಆಮೇಲೆ, ಬೇರೆಯವರಿಂದ. ಮರುವರ್ಷವೇ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಬಾರ್ಬರ್ ಕಟ್ಟುನಿಟ್ಟಿನ ಮನುಷ್ಯ. ಮೊಟ್ಟೆ ಬೇಯಿಸುವಾಗ ಸಮಯ ನೋಡಲು ಇಡುವ ಮೂರು ನಿಮಿಷದ ಮರಳು ಗಡಿಯಾರವನ್ನು ಮೈಕಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುಗಿಸಿ ಇಡುವುದು. ಈಗಷ್ಟೇ ರೇಡಿಯೊ ಹಚ್ಚಿದವನಿಗೆ ಸ್ಕೋರ್ ಗೊತ್ತಿರುವುದಿಲ್ಲ ಅಲ್ವಾ? ಇದನ್ನು ತಮ್ಮನಿಗೆ ಓದಿ ಹೇಳಿ. ಅವನು ಕಳಿಸಿದ ವಿಡಿಯೊದಲ್ಲಿ ಬ್ಯಾಟ್ಸ್‌ಮನ್ನನ್ನು ಹೊಗಳುವ ಮಾತು ಬೇಕಾದಷ್ಟಿದೆ, ಸ್ಕೋರ್ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ.

1958ರಲ್ಲಿ ಡಾಡ್ಜರ್ಸ್ ತಂಡ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಇಲ್ಲಿಗೆ ಬಂತು. ಸ್ವಂತ ಮೈದಾನ ಇರಲಿಲ್ಲ. 1932ರ ಒಲಿಂಪಿಕ್ಸ್ ನಡೆದ ದೊಡ್ಡ ಕ್ರೀಡಾಂಗಣದಲ್ಲಿ ಆಡುತ್ತಿದ್ದರು. ಹಿಂದೆ ಕೂತವರಿಗೆ ಆಟಗಾರರು ಇರುವೆಯಷ್ಟೇ ಕಾಣುತ್ತಿದ್ದರು. ಆಗ ಟ್ರಾನ್ಸಿಸ್ಟರ್ ಹೊಸದು. ಜನ ಪಂದ್ಯಕ್ಕೂ ಬಂದರು, ಟ್ರಾನ್ಸಿಸ್ಟರನ್ನೂ ತಂದರು. ಕಣ್ಣೆದುರಿನ ಆಟವನ್ನು ಸ್ಕಲ್ಲಿಯ ಬಾಯಿಂದ ಕೇಳಿ ತಿಳಿದುಕೊಂಡರು. 1960ರಲ್ಲಿ ಒಂದು ದಿನ ಅಂಪೈರ್ ಫ್ರಾಂಕ್ ಸೆಕರಿಯ ಹುಟ್ಟುಹಬ್ಬ ಅಂತ ಸ್ಕಲ್ಲಿಗೆ ಗೊತ್ತಾಯಿತು. ನಾನು ಮೂರು ಎಣಿಸಿದ ಕೂಡಲೇ ಎಲ್ಲರೂ ಶುಭಾಶಯ ಕೂಗಿ ಎಂದು ರೇಡಿಯೊದಲ್ಲಿ ಹೇಳಿದರು. ಇಡೀ ಕ್ರೀಡಾಂಗಣ ಒಟ್ಟಿಗೆ ಕೂಗಿತು. ಆ ಅಂಪೈರ್‌ಗೆ ಹೇಗಾಗಿರಬೇಕು, ಯೋಚಿಸಿ.

ನೀವು ಹೇಳಿದಿರಿ, ಮಾತಾಡಲು ಯಾರಿಗೆ ಬರುವುದಿಲ್ಲ ಎಂದು. ಆದರೆ ಬೇಸ್‌ಬಾಲಿನಲ್ಲಿ ಎರಡೂವರೆ ಮೂರು ಗಂಟೆಯ ಪಂದ್ಯ ಅಂದರೆ ಅದರಲ್ಲಿ ಚೆಂಡು ನಿಜವಾಗಿ ಓಡಾಡುವ ಹೊತ್ತು ತುಂಬಾ ಕಡಿಮೆ. ಉಳಿದ ಹೊತ್ತನ್ನೆಲ್ಲ ಕಾಮೆಂಟೇಟರ್ ತುಂಬಬೇಕು. ಆಟಗಾರನ ಊರು, ಅವನ ತಂದೆಯ ಕಸುಬು, ಹಿಂದೆ ಯಾವಾಗಲೋ ನಡೆದ ಒಂದು ಪಂದ್ಯ, ಎಲ್ಲ ನಾಲಿಗೆಯ ತುದಿಯಲ್ಲಿರಬೇಕು. ಕತೆಯ ನಡುವೆ ಚೆಂಡು ಬಂದರೆ ಕತೆ ನಿಲ್ಲಿಸಿ, ಆಟ ಹೇಳಿ, ಮತ್ತೆ ಬಿಟ್ಟ ಜಾಗಕ್ಕೇ ಬರಬೇಕು. ನೀವು ರಾತ್ರಿಯಿಡೀ ತಾಳಮದ್ದಳೆ ಕೇಳಿದವರು. ಒಳ್ಳೆಯ ಅರ್ಥಧಾರಿಗೆ ಎಲ್ಲಿ ಮಾತು ಬೆಳೆಸಬೇಕು, ಎಲ್ಲಿ ಭಾಗವತರಿಗೆ ಬಿಟ್ಟುಕೊಡಬೇಕು ಎಂಬುದು ಗೊತ್ತಿರುತ್ತದೆ. ಇದೂ ಹಾಗೇ. 1988ರ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್ ಸರಣಿಯ ಮೊದಲ ಪಂದ್ಯದಲ್ಲಿ ಎರಡೂ ಕಾಲು ನೋವಿದ್ದ ಕರ್ಕ್ ಗಿಬ್ಸನ್ ಕುಂಟುತ್ತಾ ಬಂದು ಕೊನೆಗಳಿಗೆಯಲ್ಲಿ ಹೋಮ್ ರನ್, ನಮ್ಮ ಸಿಕ್ಸರಿನಂಥದ್ದು, ಹೊಡೆದು ಡಾಡ್ಜರ್ಸನ್ನು ಗೆಲ್ಲಿಸಿದ. ಚೆಂಡು ಹೋಯಿತು ಎಂದಷ್ಟೇ ಹೇಳಿ ಸ್ಕಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಬಾಯಿ ತೆರೆಯಲಿಲ್ಲ. ಜನರ ಕೂಗನ್ನೇ ಕೇಳಲು ಬಿಟ್ಟರು. ನಮ್ಮ ಹುಡುಗ ಸಿಕ್ಸರ್ ಹೋದ ಕೂಡಲೇ ಇನ್ನೂ ಗಟ್ಟಿಯಾಗಿ ಕಿರುಚುತ್ತಾನೆ. ಅದನ್ನು ಬಿಡಬೇಕು. ಬಿಡಲು ಕಲಿಯುತ್ತಾನೆ.

ಕಷ್ಟವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೇಲ್ಮಟ್ಟದಲ್ಲಿ ಇರುವುದೇ 30 ತಂಡ. ಸ್ಕಲ್ಲಿಯಂಥವರು ಒಂದು ಕುರ್ಚಿಯಲ್ಲಿ 67 ವರ್ಷ ಕೂತರೆ ಉಳಿದವರಿಗೆ ಜಾಗವೆಲ್ಲಿ? ಕೆಳಗಿನ ಲೀಗುಗಳಲ್ಲಿ 120 ತಂಡಗಳಿವೆ. ಹುಡುಗರು ಅಲ್ಲಿಂದ ಶುರು ಮಾಡುತ್ತಾರೆ. ಕಡಿಮೆ ಸಂಬಳ, ರಾತ್ರಿಯೆಲ್ಲ ಬಸ್ಸು. ಎಷ್ಟೋ ಕಡೆ ಹಗಲು ತಂಡದ ಆಫೀಸಿನಲ್ಲಿ ಟಿಕೆಟ್ಟು, ಜಾಹೀರಾತು ಮಾರುವ ಕೆಲಸ, ಸಂಜೆ ಮೈಕು. ಚಳಿಗಾಲದಲ್ಲಿ ಹೊಟ್ಟೆಪಾಡಿಗೆ ಬೇರೆ ಉದ್ಯೋಗ. ಬಹಳ ಜನ ಅಲ್ಲಿಂದ ಮೇಲೆ ಬರುವುದೇ ಇಲ್ಲ. ಸ್ಕಲ್ಲಿಯ ಜಾಗಕ್ಕೆ ಬಂದ ಜೋ ಡೇವಿಸ್ ಕೂಡ ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಿಸ್ಕಿಟ್ಸ್ ಎಂಬ ಸಣ್ಣ ತಂಡಕ್ಕೆ ಕಾಮೆಂಟರಿ ಹೇಳಿಕೊಂಡಿದ್ದವರೇ. ಹೆಂಗಸರಿಗಂತೂ ಬಾಗಿಲು ತೆರೆದದ್ದು ತೀರಾ ತಡ. ಒಂದು ತಂಡದ ಮುಖ್ಯ ಕಾಮೆಂಟೇಟರ್ ಸ್ಥಾನ ಮೊದಲ ಸಲ ಹೆಣ್ಣುಮಗಳೊಬ್ಬಳಿಗೆ ಸಿಕ್ಕಿದ್ದು 2024ರಲ್ಲಿ, ಓಕ್‌ಲ್ಯಾಂಡ್ ತಂಡದ ಜೆನ್ನಿ ಕಾವ್ನರ್‌ಗೆ. ಅಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೆ ಬೇಸರವೂ ಇದೆ.

ಈ ಕಾಗದ ಬರೆಯಲು ನಿಜವಾದ ಕಾರಣ ಹೈಮೆ ಹರೀನ್. ಕನ್ನಡದಲ್ಲಿ ಹೇಳಿ ಎಷ್ಟು ದೂರ ಹೋಗುತ್ತಾನೆ ಎಂದು ಕೇಳಿದಿರಲ್ಲ, ಅದಕ್ಕೆ ಅವರೇ ಉತ್ತರ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದವರು. ಹುಡುಗನಾಗಿದ್ದಾಗಲೇ ಅಲ್ಲಿನ ರೇಡಿಯೊದಲ್ಲಿ ಕೆಲಸ ಮಾಡಿದ್ದರು. 1955ರಲ್ಲಿ ಲಾಸ್ ಏಂಜಲೀಸಿಗೆ ಬಂದಾಗ 19 ವರ್ಷ. ಮೊದಲು ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಇಲ್ಲಿನ ಸ್ಪ್ಯಾನಿಷ್ ರೇಡಿಯೊ ಸೇರಿದರು. ಬೇಸ್‌ಬಾಲ್ ಅವರ ಊರಿನ ಆಟವೇ ಅಲ್ಲ. ಡಾಡ್ಜರ್ಸ್ ಬಂದಾಗ ರೇಡಿಯೊದವರು ನೀನೇ ಕಾಮೆಂಟರಿ ಹೇಳು ಅಂದರು. ಅವರು ಕಲಿಯಲು ಒಂದು ವರ್ಷ ಕೇಳಿ ತೆಗೆದುಕೊಂಡು, 1959ರಲ್ಲಿ ಶುರು ಮಾಡಿದರು. ತಂಡ ಹೊರಗಿನ ಊರಿಗೆ ಹೋದಾಗ ಇವರನ್ನು ಕಳಿಸಲು ದುಡ್ಡಿಲ್ಲ. ಸ್ಟುಡಿಯೊದಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಸ್ಕಲ್ಲಿ ಇಂಗ್ಲಿಷಿನಲ್ಲಿ ಹೇಳುವುದನ್ನು ಕೇಳುತ್ತಾ ಆ ಕ್ಷಣವೇ ಸ್ಪ್ಯಾನಿಷಿನಲ್ಲಿ ಆಟ ಕಟ್ಟಿಕೊಡುತ್ತಿದ್ದರು. ಕೆಲವು ವರ್ಷ ಹೀಗೇ ನಡೆಯಿತು.

ಆಗ ಈ ತಂಡಕ್ಕೆ ಸ್ಪ್ಯಾನಿಷ್ ಮಾತಾಡುವ ಅಭಿಮಾನಿಗಳು ಜಾಸ್ತಿ ಇರಲಿಲ್ಲ. 1981ರಲ್ಲಿ ಮೆಕ್ಸಿಕೋದ 20 ವರ್ಷದ ಹುಡುಗ ಫರ್ನಾಂಡೊ ವಾಲೆನ್ಸುವೆಲಾ ಪಿಚರ್, ಅಂದರೆ ಚೆಂಡು ಎಸೆಯುವವನಾಗಿ ಹೆಸರು ಮಾಡಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪತ್ರಕರ್ತರ ಮುಂದೆ ಅವನ ಪಕ್ಕ ಕೂತು ಪ್ರತಿ ಮಾತನ್ನೂ ದಾಟಿಸಿದ್ದು ಹರೀನ್. ಆ ವರ್ಷ ಇಡೀ ಊರಿಗೆ ಹುಚ್ಚು ಹಿಡಿಯಿತು. ಇವತ್ತು ಡಾಡ್ಜರ್ಸ್ ಪಂದ್ಯಕ್ಕೆ ಹೋದರೆ ಅಕ್ಕಪಕ್ಕದ ಸೀಟುಗಳಲ್ಲಿ ಸ್ಪ್ಯಾನಿಷ್ ಕೇಳುತ್ತಲೇ ಇರುತ್ತದೆ. ಹರೀನ್ 2022ರವರೆಗೆ, 64 ಸೀಸನ್ ಕೆಲಸ ಮಾಡಿದರು. 1998ರಲ್ಲಿ ಬೇಸ್‌ಬಾಲ್ ಕಾಮೆಂಟರಿಯ ಅತಿ ದೊಡ್ಡ ಗೌರವವಾದ ಫೋರ್ಡ್ ಫ್ರಿಕ್ ಪ್ರಶಸ್ತಿ ಬಂತು. ಸ್ಕಲ್ಲಿಗೆ 1982ರಲ್ಲಿ ಬಂದದ್ದೂ ಅದೇ.

ಐಪಿಎಲ್, ಪ್ರೊ ಕಬಡ್ಡಿ ಈಗ ಕನ್ನಡದಲ್ಲೇ ಬರುತ್ತವೆ. ಅಲ್ಲಿಗೆ ಹೋಗಿಯೇ ಹೋಗುತ್ತಾನೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಅವನ ದನಿಯಲ್ಲಿ ಸತ್ವ ಇದೆ, ಕುಂದಗನ್ನಡದ ಮಾತು ತಾನಾಗಿ ಬರುತ್ತದೆ. ಎರಡು ವರ್ಷ ಬಿಟ್ಟುನೋಡಿ, ಅಪ್ಪಯ್ಯ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿದರೆ ಅದನ್ನೂ ಮಾಡಲಿ. ಇಲ್ಲಿನವರೂ ಹಾಗೇ ಮಾಡಿಕೊಂಡು ಬಂದವರು.

ಅವನಿಗೆ ಹೇಳಿ, ಮುಂದಿನ ಟೂರ್ನಮೆಂಟಿನಲ್ಲಿ ಒಂದು ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೂತು ತಾನೇ ಕೇಳಲಿ. ಇಲ್ಲಿ ಕಲಿಯುವವರು ಖಾಲಿ ಗ್ಯಾಲರಿಯಲ್ಲಿ ಒಬ್ಬರೇ ಕೂತು ಹೀಗೆ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ನನಗೂ ಕಳಿಸಲಿ, ಪೂರ್ತಿ ಕೇಳಿ ಅನಿಸಿದ್ದನ್ನು ಬರೆಯುತ್ತೇನೆ. ಒಳ್ಳೆಯ ಹೆಡ್‌ಫೋನಿಗೆ ದುಡ್ಡು ಹಾಕಿದ್ದೇನೆ. ನೀವೂ ಒಂದು ಸಂಜೆ ಮೈದಾನಕ್ಕೆ ಹೋಗಿ ಅವನು ಹೇಳುವುದನ್ನು ಕೇಳಿಬನ್ನಿ. ಆಮೇಲೂ ಬೇಡ ಅನಿಸಿದರೆ ಭಾನುವಾರ ಫೋನಿನಲ್ಲಿ ಮಾತಾಡೋಣ.

ಅಮ್ಮ, ಬಿಪಿ ಮಾತ್ರೆ ತಪ್ಪಿಸಬೇಡ.

ನಿಮ್ಮ ಮಗಳು